ಒಂದು ಮೊರ ತೌಡು

ಪುಷ್ಯದ ಚಳಿ. ಕಲ್ಹುಣಸಿಯ ಎರೆಹೊಲಗಳಲ್ಲಿ ಬೆಳಗಿನಿಂದಲೇ ಕಡಲೆಯ ಕುಡಿ ಚಿವುಟುವ ಕೆಲಸ ನಡೆದಿತ್ತು. ಇಬ್ಬನಿ ಆರುವ ಮೊದಲೇ ಗಿಡ ಮುಟ್ಟಿದರೆ ಕೈಗೆ ಹುಳಿ ಹತ್ತಿ ಬೆರಳ ಸಂದಿ ಉರಿಯುತ್ತದೆ. ಆರಲಿ ಎಂದು ಕಾಯುತ್ತ ಕೂತರೆ ಈಗಿನ ಬಿಸಿಲಿಗೆ ಮಧ್ಯಾಹ್ನವೇ ಆದೀತು. ಹಾಗಾಗಿ ಹೆಂಗಸರು ಉರಿಯುವ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ, ಚಿವುಟಿದ ಕುಡಿಯನ್ನು ಉಡಿಯಲ್ಲಿ ತುಂಬಿಕೊಳ್ಳುತ್ತ ಸಾಲು ಹಿಡಿದು ಸಾಗುತ್ತಿದ್ದರು. ಚಿವುಟಿದಷ್ಟೂ ಗಿಡ ಕವಲೊಡೆಯುತ್ತದೆ. ಚಿವುಟಿದ್ದು ಸಂಜೆಯ ಪಲ್ಯಕ್ಕಾಗುತ್ತದೆ. ಜೋಳ ತೆನೆ ಕಟ್ಟುವುದನ್ನು ಬಿಟ್ಟ ಮೇಲೆ ಊರು ನಂಬಿದ್ದು ಈ ಕಡಲೆಯನ್ನೇ.

ಹೊಲಕ್ಕೆ ಅಂಟಿಕೊಂಡ ಅಂಗನವಾಡಿಯಲ್ಲಿ ಮಾಬುಬಿ ಟೀಚರ್ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಯಂತ್ರದಲ್ಲಿ ಸೂಜಿ ಇರಲಿಲ್ಲ, ಬಟ್ಟೆಯೂ ಇರಲಿಲ್ಲ. ಗಾಲಿಗೆ ಸೈಕಲ್ಲಿನ ಡೈನಮೋ ಕಟ್ಟಿತ್ತು. ಅದರ ತಂತಿ ಗೋಡೆಯ ಗೂಡಿನಲ್ಲಿದ್ದ ಹಸಿರು ಪೆಟ್ಟಿಗೆಗೆ ಹೋಗಿ ಕೂಡುತ್ತಿತ್ತು. ಮಾಳಿಗೆಯ ಮೇಲೆ ಸೋಲಾರ್ ಹಲಗೆಯೇನೋ ಇತ್ತು. ಅದು ಈಗ ಕಾಗೆ ಕೂಡುವುದಕ್ಕಷ್ಟೇ.

ಮಬ್ಬು ಬಂದು ಇದು ಮೂರನೆಯ ವರ್ಷ. ಸಮುದ್ರದಾಚೆ ಎಲ್ಲೋ ಎರಡು ಬೆಂಕಿಬೆಟ್ಟ ಒಂದೇ ತಿಂಗಳಲ್ಲಿ ಸಿಡಿದು, ಅವುಗಳ ಹೊಗೆ ಮಳೆಮೋಡಕ್ಕೂ ನಿಲುಕದಷ್ಟು ಮೇಲೇರಿ ಕೂತುಬಿಟ್ಟಿತ್ತು. ಮಳೆಗೆ ತೊಳೆದು ಹೋಗುವ ಎತ್ತರ ಅದಲ್ಲ, ತಾನಾಗಿ ಇಳಿಯಬೇಕು, ಐದಾರು ವರ್ಷವೇ ಹಿಡಿದೀತು ಎಂದು ರೇಡಿಯೋದಲ್ಲಿ ಹೇಳಿದ್ದರು. ದೇಶಕ್ಕೆ ದೇಶವೇ ಅಳೆದು ಕೊಟ್ಟ ಕಾಳಿನ ಮೇಲೆ ಬದುಕುತ್ತಿತ್ತು. ಮಕ್ಕಳಿಗೆ ಮೊದಲು ಎಂಬ ಮಾತನ್ನು ಮಾತ್ರ ಸರಕಾರ ಉಳಿಸಿಕೊಂಡಿತ್ತು. ಅಂಗನವಾಡಿಗೆ ಹಿಟ್ಟಿನ ಚೀಲ ತಪ್ಪುತ್ತಿರಲಿಲ್ಲ. ಆದರೂ ಎರಡನೆಯ ವರ್ಷ ಒಂದು ಸಂಗತಿ ಎಲ್ಲರನ್ನೂ ಕಂಗೆಡಿಸಿತು. ಒಂದೇ ಹಿಟ್ಟು, ಒಂದೇ ಅಳತೆ ಉಂಡ ಮಕ್ಕಳಲ್ಲಿ ಕೆಲವು ಬೆಳೆದವು, ಕೆಲವು ಬಾಡಿದವು. ಬಾಡಿದ ಮಕ್ಕಳ ಮನೆಯಲ್ಲಿ ಹೋಗಿ ದಿನಗಟ್ಟಲೆ ಕೂತು ನೋಡಿದವರಿಗೆ ಕಂಡದ್ದು ಅಲ್ಲಿಯ ಮೌನ. ದುಡಿದು ಸೋತವರು, ಮನೆಮಂದಿಯನ್ನು ಕಳಕೊಂಡು ಸೋತವರು ಮಾತು ಬಿಟ್ಟಿದ್ದರು. ಕೂಸು ‘ಆ’ ಅಂದರೆ ‘ಓ’ ಅನ್ನುವವರಿರಲಿಲ್ಲ. ಹತ್ತು ಸಲ ಕರೆದು ಉತ್ತರ ಸಿಗದ ಕೂಸು ಹನ್ನೊಂದನೆಯ ಸಲ ಕರೆಯುವುದಿಲ್ಲ. ಕರೆಯುವುದನ್ನು ಬಿಟ್ಟದ್ದು ಮೆಲ್ಲಗೆ ಉಣ್ಣುವುದನ್ನೂ ಬಿಡುತ್ತದೆ.

ಆಗ ಬಂದದ್ದು ಈ ಹೊಸ ಉಡಿದಾರ. ನೋಡುವುದಕ್ಕೆ ಎಲ್ಲ ಮಕ್ಕಳ ಸೊಂಟದ ಕರಿದಾರದಂತೆಯೇ. ನಡುವೆ ಜೋಳದ ಕಾಳಿನಷ್ಟು ದೊಡ್ಡ ಒಂದು ಮಣಿ. ಕೂಸು ದನಿ ತೆಗೆದಾಗ ಹೊಟ್ಟೆ ಅದುರುವುದು ಮಣಿಗೆ ತಿಳಿಯುತ್ತದೆ. ನಾಲ್ಕು ಸೆಕೆಂಡಿನೊಳಗೆ ಹತ್ತಿರದಿಂದ ಮನುಷ್ಯರ ದನಿ ಮರಳಿ ಬಂದರೆ ಒಂದು ಎಣಿಕೆ. ಏನು ಮಾತಾಡಿದರು ಎಂಬುದು ಅದಕ್ಕೆ ಬೇಕಿಲ್ಲ. ಬೈದರೂ ಸೈ, ಹಾಡಿದರೂ ಸೈ. ಇದಕ್ಕೆ ಮರುಮಾತು ಎಂದು ಹೆಸರಿಟ್ಟರು. ಬೆಳಗ್ಗೆ ಮಣಿಯನ್ನು ಪೆಟ್ಟಿಗೆಗೆ ತಾಕಿಸಿದರೆ ಹಿಂದಿನ ದಿನದ ಎಣಿಕೆ ಕಾಣುತ್ತದೆ, ತಾಲೂಕಿನ ನಿಗಾ ಕೋಣೆಗೂ ಹೋಗುತ್ತದೆ. ಎಣಿಕೆ ಹತ್ತು ದಿನ ನೂರರ ಕೆಳಗೇ ನಿಂತರೆ ಕೆಂಪು ದೀಪ. ಕೆಂಪಾದ ಮಗುವನ್ನು ಜಿಲ್ಲೆಯ ಆರೈಕೆ ಮನೆಗೆ ಒಯ್ಯುತ್ತಾರೆ.

ಆ ಗುರುವಾರ ಫಕೀರವ್ವ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಹದಿನಾಲ್ಕು ತಿಂಗಳ ಹುಡುಗಿ. ದಾಖಲೆಯಲ್ಲಿ ಹೆಸರು ಸಮೃದ್ಧಿ. ಊರವರ ಬಾಯಲ್ಲಿ ತೌಡಿ. ಮಾಬುಬಿ ಅಂಗಿ ಎತ್ತಿ ಮಣಿಯನ್ನು ಪೆಟ್ಟಿಗೆಗೆ ತಾಕಿಸಿದಳು.

ಎಪ್ಪತ್ತೊಂದು.

ಅದರಲ್ಲೂ ಹೆಚ್ಚಿನವು ಇಪ್ಪತ್ಮೂರು ಮಕ್ಕಳ ಗದ್ದಲದ ನಡುವೆ ತಾನೇ ಅಂದವು ಎಂದು ಮಾಬುಬಿಗೆ ಗೊತ್ತಿತ್ತು.

“ಇವತ್ತಿಗೆ ಏಳ್ ದಿನಾತು ನೋಡ ಫಕೀರವ್ವ.”

ಫಕೀರವ್ವ ಕೂಸಿನ ಅಂಗಿ ಕೆಳಗಿಳಿಸಿದಳು. ತೌಡಿ ಕಪಾಟಿನ ಮೇಲಿದ್ದ ಬಟ್ಟೆಯ ಆನೆಯನ್ನು ಕಂಡು ಕೈಚಾಚಿ “ಆಂ!” ಎಂದಳು. ಅಂದವಳು ತಾಯಿಯ ಮುಖ ನೋಡಿದಳು. ಫಕೀರವ್ವ ಗೋಡೆಯ ಮೇಲಿನ ಅಕ್ಷರಮಾಲೆ ನೋಡುತ್ತ ನಿಂತಳು. ಅವಳಿಗೆ ಓದಲು ಬರುತ್ತಿರಲಿಲ್ಲ.

“ಆನಿ, ಯವ್ವಾ, ಆನಿ,” ಎಂದು ಮಾಬುಬಿಯೇ ಅಂದು ಕೂಸನ್ನು ಎತ್ತಿಕೊಂಡಳು. “ಅದು ನಿನ್ನ ಕರದ್ರ ನೀ ಗ್ವಾಡಿ ನೋಡ್ತಿಯಲ್ಲ ಬೇ.”

“ಹೊಲಕ್ಕ ಹೊತ್ತಾತ್ರಿ ಟೀಚರ್,” ಎಂದು ಫಕೀರವ್ವ ಇಳಿದುಹೋದಳು.

ಕಾರ್ತಿಕದವರೆಗೆ ಹೀಗಿರಲಿಲ್ಲ. ತೌಡಿಯ ಎಣಿಕೆ ಆಗ ದಿನಕ್ಕೆ ಆರುನೂರು ದಾಟುತ್ತಿತ್ತು. ಪಕ್ಕದ ಮನೆಯ ರಾಚವ್ವಜ್ಜಿ ಇದ್ದಳು. ಹಿಂದೆ ಮುಂದೆ ಯಾರೂ ಇಲ್ಲದ, ಬಾಯಿಗೆ ಮಾತ್ರ ಬಿಡುವಿಲ್ಲದ ಮುದುಕಿ. ತೌಡಿ ಹೆಸರಿಗೆ ಅವಳದೇ ಕೂಸು. ಫಕೀರವ್ವ ಅದಕ್ಕೂ ಮೊದಲು ಎರಡು ಕೂಸು ಕಳಕೊಂಡಿದ್ದಳು. ಹುಟ್ಟಿದವು ಉಳಿಯದಿದ್ದರೆ ಮುಂದಿನದನ್ನು ನೆರೆಯವರಿಗೆ ಒಂದು ಮೊರ ತೌಡಿಗೆ ಮಾರಿಬಿಡುವುದು ಆ ಸೀಮೆಯಲ್ಲಿ ಹಿಂದಿನಿಂದ ನಡೆದುಬಂದದ್ದು. ಕೂಸು ಇರುವುದು ಹೆತ್ತವಳ ಹತ್ತಿರವೇ, ಹಾಲು ಕುಡಿಯುವುದೂ ಅವಳದೇ. ಆದರೆ ಅದು ಬೇರೆಯವರದು. ಮೂರು ತುಂಬಿ ಹುಟ್ಟುಗೂದಲಿನ ಜವಳ ತೆಗೆಸುವ ದಿನ ತೌಡು ತಿರುಗಿ ಕೊಟ್ಟು ಬಿಡಿಸಿಕೊಳ್ಳಬೇಕು. ಹುಟ್ಟಿದ ಒಂಬತ್ತನೆಯ ದಿನಕ್ಕೆ ತೌಡಿಯನ್ನು ಕೊಂಡ ರಾಚವ್ವ ಕಾರ್ತಿಕದ ಚಳಿಗೆ ತೀರಿಕೊಂಡಳು. ಎಣಿಕೆ ದಿನದಿನಕ್ಕೆ ಇಳಿಯುತ್ತ ಬಂದದ್ದು ಆಮೇಲೆ. ಮುದುಕಿಯ ಬಾಯಿಯ ಜೊತೆ ಎಣಿಕೆಯೂ ಹೋಯಿತು ಎಂದು ಎಲ್ಲರೂ ತಿಳಿದರು, ಮಾಬುಬಿಯೂ ಹಾಗೆಯೇ ತಿಳಿದಿದ್ದಳು.

ನಿಗಾ ಕೋಣೆ ಇದ್ದದ್ದು ತಾಲೂಕಿನ ಹಳೆಯ ಹತ್ತಿ ಗೋದಾಮಿನಲ್ಲಿ. ಗೋಡೆಯ ತುಂಬ ಹಳ್ಳಿಗಳ ನಕ್ಷೆ, ಮಗುವಿಗೊಂದರಂತೆ ಸಾಸಿವೆಯಷ್ಟು ದೀಪ. ಹನ್ನೊಂದು ಸಾವಿರ ದೀಪಗಳನ್ನು ನೋಡಿಕೊಳ್ಳುತ್ತಿದ್ದ ಪಂಪಾಪತಿ, ಕೆಂಪಾಗಲು ಮೂರೇ ದಿನ ಉಳಿದಿದ್ದ ಕಲ್ಹುಣಸಿಯ ಒಂದು ಹಳದಿ ದೀಪದ ಮುಂದೆ ನಿಂತಿದ್ದ.

“ಹಿಟ್ಟು ಉಣ್ಣಾಕತ್ತೈತಿ, ತೂಕಾನೂ ಇನ್ನೂ ಇಳದಿಲ್ಲ ಮೇಡಂ. ತಾಯಿ ದಿನಾ ಹೊತ್ತಿಗೆ ಸರಿಯಾಗಿ ಬಿಟ್ಟು ಹೋಗ್ತಾಳ. ಮಾತ್ ಒಂದ ಇಲ್ಲ.”

ಮೇಲಧಿಕಾರಿ ದಾಕ್ಷಾಯಣಿ ಕನ್ನಡಕ ಮೇಲೇರಿಸಿದರು. “ಇವತ್ತ ತೂಕ ಇಳದಿಲ್ಲ, ಹದಿನೈದು ದಿನಕ್ಕ ಇಳೀತೈತಿ. ನೋಡೀವಲ್ಲಪಾ ನಾವು. ಸೋಮವಾರ ಗಾಡಿ ಕಳಸು.”

“ಆರೈಕೆ ಮನಿಯಾಗ ಹದಿನಾರು ಮಕ್ಕಳಿಗೆ ಒಬ್ಬಾಕಿ ದಾದಿ. ಅಲ್ಲಿ ಹೋದವರ ಎಣಿಕೆನೂ ಏರಿಲ್ರಿ.”

“ಹಂಗಂತ ಇಲ್ಲೇ ಬಾಡಲಿ ಅಂತ ಬಿಡ್ತಿಯೇನು?”

ಪಂಪಾಪತಿ ಕಲ್ಹುಣಸಿಗೆ ಕರೆ ಹಚ್ಚಿದ. ಪೆಟ್ಟಿಗೆಯ ಮೂಲಕ ಟೀಚರ ಜೊತೆ ಅರ್ಧ ನಿಮಿಷ ಮಾತಾಡಬಹುದಿತ್ತು, ಹಳ್ಳಿಯ ಕರೆಂಟು ಅಷ್ಟೇ ತಾಳುತ್ತಿತ್ತು. ಮಾಬುಬಿ ಯಂತ್ರ ತುಳಿಯುತ್ತಲೇ ಅವನ ಮಾತು ಕೇಳಿಸಿಕೊಂಡಳು.

“ಸೋಮವಾರ ಬರ್ತೀವ್ರಿ ಟೀಚರ್. ಅಷ್ಟರಾಗ ಆ ತಾಯಿಗೆ ಏನಾಗೈತಿ ಅಂತ ಕೇಳಾಕಾದ್ರ ಕೇಳ್ರಿ.”

ಇಷ್ಟು ದಿನ ತಾನೂ ಕೇಳಿರಲಿಲ್ಲವೆಂಬುದು ಆಗ ಮಾಬುಬಿಗೆ ಹೊಳೆಯಿತು. ಹೇಳಿದ್ದಳು, ಗದರಿದ್ದಳು. ಕೇಳಿರಲಿಲ್ಲ.

ಮಧ್ಯಾಹ್ನ ಮಕ್ಕಳು ಉಂಡು ಮಲಗಿದಾಗ ಅವಳು ಆಯಾ ಬಾಳವ್ವನನ್ನು ಕೂರಿಸಿ ಹೊಲಕ್ಕಿಳಿದಳು. ಫಕೀರವ್ವನ ಪಕ್ಕದ ಸಾಲು ಹಿಡಿದು ತಾನೂ ಕುಡಿ ಚಿವುಟತೊಡಗಿದಳು.

“ನಿಮ್ಮ ಕೈಗೆ ಆಗಿಬರೂದಿಲ್ರಿ ಟೀಚರ್. ಉರೀತೈತಿ.”

“ಉರೀಲಿ ಬಿಡು. ಸೋಮವಾರ ಗಾಡಿ ಬರ್ತೈತಿ.”

ಫಕೀರವ್ವನ ಕೈ ನಿಂತಿತು. “ನಾ ಏನ್ ಕಮ್ಮಿ ಮಾಡೀನ್ರಿ? ಎರಡ್ ಹೊತ್ತು ಉಣಸ್ತೀನಿ, ನನ್ನ ಪಾಲಿಂದೂ ಕೊಡ್ತೀನಿ. ತಲಿಗೆ ಎಣ್ಣಿ ಇಲ್ಲದ ಒಂದ ದಿನ ಬಿಟ್ಟಿಲ್ಲ.”

“ಎಲ್ಲಾ ಮಾಡ್ತಿ. ಓ ಅನ್ನೂದೊಂದ ಬಿಟ್ಟಿ. ಯಾಕ ಅಂತ ಕೇಳಾಕ ಬಂದೀನಿ.”

ಎರಡು ಗಿಡ, ಮೂರು ಗಿಡ ಹಾಗೆಯೇ ಹಿಂದೆ ಬಿದ್ದವು.

“ರಾಚವ್ವ ಇರೂತನಕ ನಾ ಎಷ್ಟ್ ಮಾತಾಡ್ತಿದ್ನಿ, ನೀವ ನೋಡೀರಲ್ಲ,” ಎಂದು ಫಕೀರವ್ವ ಮಣ್ಣಿಗೆ ಹೇಳುವಂತೆ ಹೇಳಿದಳು. “‘ರಾಚವ್ವನ ಮಗಳ, ಉಣ್ಣ ಬಾ. ರಾಚವ್ವನ ಮಗಳ, ನಿನ್ನ ಮೂಗ ಸೋರಾಕತ್ತೈತಿ.’ ಮಂದಿ ಕೂಸು, ಬಾಯಿಗೆ ಅಂಜಿಕಿ ಇರಲಿಲ್ಲ. ಆಕಿ ತೌಡು ತಿರುಗಿ ತಗೊಳ್ಳದ ಹೋದ್ಲು. ಈಗ ಇದು ಯಾರ ಕೂಸು ಹೇಳ್ರಿ?”

“ನಿಂದ ಅಲ್ಲೇನ?”

ಫಕೀರವ್ವ ಬೆಚ್ಚಿ ಮೇಲೆ ನೋಡಿದಳು, ಆ ಬೂದುಬಣ್ಣದ ಆಕಾಶದಲ್ಲಿ ಯಾರೋ ಕಿವಿ ಹಚ್ಚಿ ಕೂತಿದ್ದಾರೆ ಎನ್ನುವಂತೆ. “ಸಣ್ಣಗ ಮಾತಾಡ್ರಿ ನಿಮ್ಮ ಪಾದಕ್ಕ ಬೀಳ್ತೀನಿ. ಅದು ಅವ್ವಾ ಅಂದಾಗ ನಾ ಓ ಅಂದ್ರ ನನ್ನದಾಗಿಬಿಡ್ತೈತಿ. ನನ್ನವು ಉಳಿಯಂಗಿಲ್ಲ.”

ತರಬೇತಿಯಲ್ಲಿ ಕಲಿಸಿದ್ದ ಮಾತೆಲ್ಲ ಮಾಬುಬಿಯ ಬಾಯಿಗೆ ಬಂತು. ಮೂಢನಂಬಿಕೆ, ಅರಿವು, ತಾಯಂದಿರ ಸಭೆ. ಫಕೀರವ್ವನ ಕೈ ನೋಡಿದಳು. ಹುಳಿ ಕುಡಿದು ಬೆರಳ ತುದಿಗಳು ಬೆಳ್ಳಗೆ ಸುಲಿದಿದ್ದವು. ಆ ಕೈ ದಿನಾ ಸಂಜೆ ಮಗುವಿನ ತಲೆಗೆ ಎಣ್ಣೆ ಹಚ್ಚುತ್ತಿತ್ತು, ಬಾಯಿ ಮುಚ್ಚಿಕೊಂಡು.

“ನನ್ನ ಹೆಸರ ನೋಡ್ರಿ,” ಎಂದಳು ಫಕೀರವ್ವ. “ನಮ್ಮವ್ವ ನನ್ನ ಫಕೀರನ ಜೋಳಿಗ್ಯಾಗ ಹಾಕಿ ಬಿಡಿಸ್ಕೊಂಡಾಕಿ. ಉಳದೀನೋ ಇಲ್ಲೋ?”

“ಹಂಗಾರ ಇನ್ನೊಬ್ಬರಿಗೆ ಮಾರು.”

“ಈಗ ಯಾರ್ ತಗೊಂತಾರ್ರಿ? ತೌಡ ರೊಟ್ಟಿ ಆಗೇತಿ. ಮ್ಯಾಲ ನನ್ನ ಕೂಸು ತಗೊಂಡ್ರ ನನ್ನ ದೆಸೀನೂ ತಗೊಂಡಂಗ. ಅದು ಯಾರಿಗೆ ಬೇಕಾಗೇತಿ?”

ಮಾಬುಬಿ ಹಿಡಿದ ಸಾಲು ಮುಗಿಸಿ ಎದ್ದಳು. ಮಗಳನ್ನು ಮದುವೆ ಮಾಡಿ ಕೊಟ್ಟ ಮೇಲೆ ಮನೆಯಲ್ಲಿ ಅವಳೊಬ್ಬಳೇ. ಸಂಜೆ ಒಲೆಯ ಮುಂದೆ ಕೂತು ಬಹಳ ಹೊತ್ತು ಯೋಚಿಸಿದಳು. ಅವಳಿಗೆ ದೆಸೆಯ ಮೇಲೆ ನಂಬಿಕೆ ಇರಲಿಲ್ಲ; ಆದರೂ ಮನಸ್ಸು ಹಿಂಜರಿಯಿತು. ಇಪ್ಪತ್ಮೂರು ಮಕ್ಕಳ ಟೀಚರ್ ಆಗಿರುವುದು ಬೇರೆ. ಒಂದನ್ನು ನನ್ನದು ಅಂದುಬಿಟ್ಟರೆ, ನಾಳೆ ಅದಕ್ಕೆ ಏನಾದರೂ ಆದರೆ, ಅದು ತನ್ನ ಕೂಸಿಗೇ ಆದದ್ದು.

ಕಡೆಗೆ ಎದ್ದು ತನ್ನ ಪಾಲಿನ ಹಿಟ್ಟು ಜರಡಿ ಹಿಡಿದಳು. ಮಬ್ಬು ಬಂದಾಗಿನಿಂದ ಯಾರೂ ಹಿಟ್ಟು ಜರಡಿ ಹಿಡಿಯುತ್ತಿರಲಿಲ್ಲ. ಒಂದು ಹಿಡಿ ತೌಡು ಬಂತು. ಶುಕ್ರವಾರ, ಶನಿವಾರ, ಭಾನುವಾರವೂ ಹಿಡಿದಳು. ಇದ್ದ ಹಿಟ್ಟೆಲ್ಲ ಮುಗಿದರೂ ಮೊರದ ತಳವಷ್ಟೇ ಮುಚ್ಚಿತು. ಅಂಗನವಾಡಿಯಲ್ಲಿ ಸರಕಾರದ ಚೀಲ ಇತ್ತು. ಅದು ಮಕ್ಕಳದು, ಅದರ ಕಡೆ ಅವಳು ನೋಡಲಿಲ್ಲ. ನೋಡಿದ್ದು ಕಪಾಟಿನ ಮೇಲಿನ ಆನೆಯ ಕಡೆ.

ಮಬ್ಬಿನ ಮೊದಲು, ತೌಡನ್ನು ಯಾರೂ ಕೇಳದ ಕಾಲದಲ್ಲಿ ಅವಳೇ ಹೊಲಿದ ಆನೆ ಅದು. ಹೊಟ್ಟೆ ತುಂಬ ತೌಡನ್ನೇ ತುರುಕಿದ್ದಳು. ಇಷ್ಟು ಹಸಿವಿನಲ್ಲೂ ಅದು ಯಾರ ನೆನಪಿಗೂ ಬಂದಿರಲಿಲ್ಲ. ಸೋಮವಾರ ಬೆಳಗ್ಗೆ ಹೊಲಿಗೆ ಬಿಚ್ಚಿ ಸುರಿದಳು. ಹುಳು ಹಿಡಿದಿತ್ತು, ಕೇರಿ ತೆಗೆದಳು. ತಿನ್ನಲು ಬಾರದಾದರೂ ತೌಡು ತೌಡೇ. ಮೊರ ತುಂಬಿತು. ಆನೆಯ ಹೊಟ್ಟೆಗೆ ಚಿಂದಿ ತುರುಕಿ ಕೈಹೊಲಿಗೆ ಹಾಕಿದಳು.

ಫಕೀರವ್ವ ಬಂದಾಗ ಬಾಗಿಲಲ್ಲಿ ಮೊರ ನೋಡಿ ನಿಂತುಬಿಟ್ಟಳು.

“ಏನ್ ಮಾರಾಕ ತಂದೀ?” ಎಂದಳು ಮಾಬುಬಿ, ಅಂಗಡಿಯವರ ಗತ್ತಿನಲ್ಲಿ.

ಫಕೀರವ್ವ ಮಗಳನ್ನು ಸೊಂಟದಿಂದ ಮುಂದಕ್ಕೆ ತಂದುಕೊಂಡಳು. “ಒಂದ್... ಒಂದ್ ಕೂಸ್ರಿ.”

“ಎಂಥಾ ಕೂಸದು? ಹಂಚಿನ ತಳದಂಗ ಕರ್ರಗ ಐತಿ.”

ಕೊಳ್ಳುವವರು ಕೂಸನ್ನು ಹಳಿಯಬೇಕು, ಮಾರುವವರು ಒಪ್ಪಬೇಕು. ಆ ವ್ಯಾಪಾರದ ರೀತಿಯೇ ಹಾಗೆ. “ಕರೇದ ಐತ್ರಿ. ಮೂಗೂ ಸೋರ್ತೈತಿ.”

“ಹಲ್ಲ ನೋಡಿದ್ರ ನಾಕ. ಅತ್ತರ ಓಣಿಗೆಲ್ಲಾ ಕೇಳ್ತೈತಿ. ಇಂಥಾದ್ದಕ್ಕ ಯಾರ್ ತೌಡು ಕೊಡ್ತಾರ?”

“ಅರ್ಧ ಮೊರಕ್ಕ ಕೇಳ್ರಿ ಟೀಚರ್, ಪೂರಾ ಕೊಡಬ್ಯಾಡ್ರಿ!” ಎಂದು ಬಾಳವ್ವ ಒಳಗಿನಿಂದ ಕೂಗಿದಳು. ಮಕ್ಕಳನ್ನು ಬಿಡಲು ಬಂದ ಹೆಂಗಸರು ಕಿಸಕ್ಕನೆ ನಕ್ಕರು.

“ಪೂರಾ ಮೊರ ಆದ್ರ ಕೊಡ್ತೀನ್ರಿ. ಇಲ್ಲಂದ್ರ ಹೊಳ್ಳಿ ಒಯ್ತೀನಿ,” ಎಂದಳು ಫಕೀರವ್ವ. ಅವಳ ಮುಖದಲ್ಲಿ ತಿಂಗಳುಗಟ್ಟಲೆ ಕಾಣದ ಗೆಲುವು ಒಂದಿಷ್ಟು ಕಂಡಿತು. ಮಗಳನ್ನು ಎತ್ತಿ ತೌಡಿನ ಮೇಲೆ ಕೂರಿಸಿದಳು.

“ಏನ್ ನಡದೈತಿ ಇಲ್ಲಿ?”

ಎಲ್ಲರೂ ತಿರುಗಿದರು. ಮರುಮಾತು ಎಣಿಸುವ ಕೈಯಂತ್ರ ಹಿಡಿದ ಪಂಪಾಪತಿ, ಅವನ ಹಿಂದೆ ದಾದಿ, ರಸ್ತೆಯಲ್ಲಿ ಗಾಡಿ.

“ಕೂಸು ಮಾರಾಕತ್ತಾರ್ರಿ ಸರ,” ಎಂದುಬಿಟ್ಟಳು ಬಾಳವ್ವ.

“ಟೀಚರ್, ನೀವ! ಇದಕ್ಕ ಏನ್ ಕಾಯ್ದೆ ಐತಿ ಗೊತ್ತೈತೇನ್ರಿ?” ಎಂದ ಪಂಪಾಪತಿ.

“ಎಲ್ಲಾ ಹೇಳ್ತೀನಿ, ಒಂದ್ ಗಳಿಗಿ ಕೂಡ್ರಿ ಸರ, ಯಾಪಾರ ಮುಗೀಲಿ. ನಿಮ್ಮ ಕೈಯಾಗಿನ ಯಂತ್ರ ಅಲ್ಲೇ ಮಣಿ ಬಾಜೂಕ ಇಡ್ರಿ.” ಅವನು ಇಟ್ಟ. ಟೀಚರ ದನಿ ಹಾಗಿತ್ತು. ಮಾಬುಬಿ ಫಕೀರವ್ವನ ಕಡೆ ತಿರುಗಿದಳು. “ಕೇಳಿಲ್ಲೆ. ಈಗ ಕೂಸು ನಂದು, ತೌಡು ನಿಂದು. ನೀ ಬರೇ ಸಾಕಾಕಿ. ನನ್ನ ಕೂಸು ಕರದ್ರ ಓ ಅನಬೇಕು. ಅನಲಿಲ್ಲಂದ್ರ, ನನ್ನ ಕೂಸಿನ ಜ್ವಾಪಾನ ಮಾಡಲಿಲ್ಲಂತ ಊರ ಮುಂದ ಜಗಳಾ ತಗೀತೀನಿ.”

ತೌಡಿ ಎರಡೂ ಕೈಯಲ್ಲಿ ತೌಡು ಹಿಡಿದು ಮೇಲಕ್ಕೆ ತೂರಿದಳು. ತಲೆಯ ಮೇಲೆಲ್ಲ ಬಿತ್ತು. “ಆಂ!” ಎಂದು ಮಾಬುಬಿಯನ್ನು ನೋಡಿದಳು, ಉತ್ತರ ಸಿಗುವುದು ಅಲ್ಲಿಂದ ಎಂಬುದು ಅವಳಿಗೆ ರೂಢಿಯಾಗಿತ್ತು. ಮಾಬುಬಿ ತುಟಿ ಕಚ್ಚಿ ಸುಮ್ಮನಿದ್ದಳು. ಕೂಸು ಎಲ್ಲರ ಮುಖ ನೋಡಿ, ಕೊನೆಗೆ ತಾಯಿಯ ಕಡೆ ತಿರುಗಿ ಇನ್ನೊಮ್ಮೆ, ಮೆಲ್ಲಗೆ, “ಆಂ?” ಎಂದಿತು.

ಒಂದು. ಎರಡು. ಮೂರು.

“ಓ,” ಎಂದಳು ಫಕೀರವ್ವ. “ಓ... ಟೀಚರ್ ಮಗಳಾ. ತೌಡು ಚೆಲ್ಲಬ್ಯಾಡ.”

ಯಂತ್ರ ಟಿಕ್ಕೆಂದಿತು.

ತೌಡಿ ಕಣ್ಣರಳಿಸಿ ನೋಡಿದಳು. ಪರೀಕ್ಷೆ ಮಾಡುವವಳಂತೆ ಮತ್ತೊಂದು ಸಲ “ಆಂ?”

“ಓ.”

ಟಿಕ್.

ಆಮೇಲೆ ಬಿಡುವಿರಲಿಲ್ಲ. ಮೂಗಿನ ಬಗ್ಗೆ, ಹಲ್ಲಿನ ಬಗ್ಗೆ, ತಲೆಯ ಮೇಲಿನ ತೌಡಿನ ಬಗ್ಗೆ ಫಕೀರವ್ವ ತಿಂಗಳುಗಟ್ಟಲೆ ನುಂಗಿಕೊಂಡದ್ದೆಲ್ಲ ಹೊರಗೆ ಬಂತು. ಪ್ರತಿ ಮಾತಿಗೂ ಕೊನೆಯಲ್ಲಿ ‘ಟೀಚರ್ ಮಗಳಾ’. ಪಂಪಾಪತಿ ಮೂವತ್ತರವರೆಗೆ ಎಣಿಸಿ ಬಿಟ್ಟ. ಬೆಲ್ಲದ ನೀರು ಕುಡಿಯುತ್ತ ಮಾಬುಬಿಯಿಂದ ಎಲ್ಲವನ್ನೂ ಕೇಳಿಕೊಂಡ. ದಾದಿ ಗಾಡಿಯಲ್ಲಿ ಹಾಸಿದ್ದ ಕಂಬಳಿ ಮಡಚಿಟ್ಟಳು. ಅವನು ಕಾಗದದಲ್ಲಿ ‘ಹತ್ತು ದಿನ ಗಡುವು. ಕಾರಣ: ಪಾಲಕರ ಬದಲಾವಣೆ’ ಎಂದು ಬರೆದು ಸಹಿ ಹಾಕಿದ.

ಹೊರಡುವಾಗ ಬಾಗಿಲಲ್ಲಿ ನಿಂತ. “ತಾಲೂಕಿನ್ಯಾಗ ಇನ್ನ ನಾಕ ಕೆಂಪು ಅದಾವ್ರಿ ಟೀಚರ್. ಆ ತಾಯಂದಿರಿಗೆ ಏನಾಗೈತಿ ಅಂತ ನಾವು ಕೇಳೇ ಇಲ್ಲ.”

“ಕುಂತು ಕೇಳ್ರಿ,” ಎಂದಳು ಮಾಬುಬಿ. “ನಿಂತ ಕೇಳಿದ್ರ ಹೇಳೂದಿಲ್ಲ.”

ಮರುದಿನದ ಎಣಿಕೆ ನಾನೂರ ಹದಿನೆಂಟು. ಅದರ ಮರುದಿನ ಫಕೀರವ್ವ ಬರುವುದು ಸ್ವಲ್ಪ ತಡವಾಯಿತು. ಮಾಬುಬಿ ಯಂತ್ರ ತುಳಿಯುವುದನ್ನು ಬಿಟ್ಟು, ಚಪ್ಪಲಿ ಸಹ ಮೆಟ್ಟದೆ ಓಣಿಯ ತಿರುವಿನವರೆಗೆ ಓಡಿದಳು. ದೂರದಲ್ಲಿ ತಾಯಿ ಮಗಳು ಏನೋ ವಾದ ಮಾಡುತ್ತ ಬರುವುದು ಕಂಡಿತು. ಏದುಸಿರು ಬಿಡುತ್ತ ಅಲ್ಲೇ ಕಟ್ಟೆಯ ಮೇಲೆ ಕೂತಳು. ತೌಡು ಕೊಟ್ಟು ತಾನು ಕೊಂಡದ್ದು ಈ ಅಂಜಿಕೆಯನ್ನೇ ಎಂದು ಅವಳಿಗೆ ತಿಳಿಯಿತು. ಫಕೀರವ್ವನ ಮುಖದಲ್ಲಿ ಅದು ಇರಲಿಲ್ಲ.

ತೌಡಿಗೆ ಮೂರು ತುಂಬುವ ಹೊತ್ತಿಗೆ ಮಬ್ಬು ತೆಳ್ಳಗಾಗಿತ್ತು. ಆ ವರ್ಷ ಮೊದಲ ಬಾರಿ ಜೋಳ ತೆನೆ ತುಂಬಿತು; ನೆಲದ ಮೇಲೆ ಜನರ ನೆರಳು ಅಂಚು ಸಮೇತ ಕಾಣುತ್ತಿತ್ತು. ಸೋಲಾರ್ ಹಲಗೆಯ ಮೇಲಿನ ಕಾಗೆ ಹಿಕ್ಕೆಯನ್ನು ಬಾಳವ್ವ ಉಜ್ಜಿ ತೊಳೆದಳು. ಮಾಬುಬಿ ಹೊಲಿಗೆ ಯಂತ್ರದ ಡೈನಮೋ ಬಿಚ್ಚಿ, ಎಣ್ಣೆ ಬಿಟ್ಟು, ಸೂಜಿ ಹಾಕಿದಳು.

ಜವಳ ತೆಗೆಸಿದ ದಿನ ಫಕೀರವ್ವ ಬೋಳುತಲೆಯ ಮಗಳನ್ನು ಮುಂದಿಟ್ಟುಕೊಂಡು, ಮೊರದ ತುಂಬ ಹೊಸ ಜೋಳದ ತೌಡು ಹೊತ್ತು ಅಂಗನವಾಡಿಗೆ ಬಂದಳು. ಮಾಬುಬಿ ಸೆರಗೊಡ್ಡಿದಳು. ಫಕೀರವ್ವ ಸುರಿಯುತ್ತ ಸುರಿಯುತ್ತ ಕೊನೆಗೆ ಮೊರವನ್ನು ಹಿಂದಕ್ಕೆಳೆದುಕೊಂಡಳು. ತಳದಲ್ಲಿ ಒಂದು ಹಿಡಿ ಉಳಿದಿತ್ತು. ಅದನ್ನು ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಯಾಕ ಬೇ? ಪೂರಾ ಕೊಟ್ರಲ್ಲೇನ ಬಿಡಿಸ್ಕೊಂಡಂಗ?”

“ಪೂರಾ ಕೊಡೂದಿಲ್ರಿ,” ಎಂದಳು ಫಕೀರವ್ವ. “ಒಂದ್ ಹಿಡಿ ಬಾಕಿ ಇರ್ಲಿ. ಅಷ್ಟರ ಮಟ್ಟಿಗೆ ನಿಮ್ಮ ಮಗಳಾಗೇ ಇರ್ಲಿ.”

ಆ ಮಧ್ಯಾಹ್ನ ಮಾಬುಬಿ ಆನೆಯ ಹೊಲಿಗೆ ಬಿಚ್ಚಿ, ಚಿಂದಿ ತೆಗೆದು, ತೌಡು ತುಂಬಿದಳು. ಹೊಟ್ಟೆ ತುಂಬಿತು, ಸೊಂಡಿಲು ತುಂಬಿತು. ಹಿಂದಿನ ಒಂದು ಕಾಲಿಗೆ ಸಾಲಲಿಲ್ಲ. ಹಾಗೆಯೇ ಹೊಲಿದುಬಿಟ್ಟಳು. ನಿಲ್ಲಿಸಿದರೆ ಆನೆ ಆ ಕಡೆ ವಾಲುತ್ತಿತ್ತು.

ತೌಡಿ ಅದನ್ನು ಎರಡು ಸಲ ನಿಲ್ಲಿಸಿ ನೋಡಿದಳು. “ಟೀಚರ್, ಆನಿ ಕಾಲು ಯಾಕ ಹಿಂಗಾತು?”

“ಓ,” ಎಂದಳು ಮಾಬುಬಿ, ದಾರ ಹಲ್ಲಿನಿಂದ ಕಡಿಯುತ್ತ. “ನಿಮ್ಮವ್ವನ ಕೇಳ. ಬಾಕಿ ಇಟ್ಟಾಕಿ ಆಕಿ.”